ಓರೆ ಉಳಿಸುತ್ತಿದ್ದ ಸಾಬರು

ಮದ್ದೂರಿನ ಪೇಟೆಬೀದಿಯ ಹಿಂದಿನ ಓಣಿಯಲ್ಲಿ ಕೋವಿಗೆ ಮರ ಕೂರಿಸುವ ಸಾಬರೊಬ್ಬರಿದ್ದರು. ಕೆಲವು ವರ್ಷ ನನಗೆ ಪಕ್ಕದ ಮನೆಯವರು. ನನ್ನ ಗಂಡ ಸತ್ತದ್ದು ಅವರು ಮರ ಕೂರಿಸಿಕೊಟ್ಟ ಕೋವಿಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಮೇಷ್ಟ್ರುಗಿರಿ ಮಾಡಿ ಬದುಕಿದವಳು, ಮುಖ್ಯವಾದದ್ದನ್ನು ಮುಚ್ಚಿಟ್ಟುಕೊಂಡು ಮಕ್ಕಳನ್ನು ಕಾಯಿಸುವ ಚಾಳಿ ನನಗಿಲ್ಲ.

ಸಾಬರ ಎತ್ತರ ಅಷ್ಟಕ್ಕಷ್ಟೆ, ಮಾತು ಮಾತ್ರ ಆಕಾಶಕ್ಕೆ. ಗಡ್ಡಕ್ಕೆ ಗೋರಂಟಿ ಹಚ್ಚುತ್ತಿದ್ದರು. ಶುಕ್ರವಾರ ಮಸೀದಿಗೆ ಹೊರಡುವಾಗ ಕನ್ನಡಿಯಲ್ಲಿ ಆ ಗಡ್ಡವನ್ನು ನೋಡಿಕೊಳ್ಳುವ ಸಂಭ್ರಮ ಕಂಡು ಅವರ ಹೆಂಡತಿಯೇ ನಗುತ್ತಿದ್ದರು. ಮೈಸೂರಿನ ದೊಡ್ಡ ಶಿಕಾರಿಗಳೆಲ್ಲ ತಮ್ಮನ್ನು ಕೇಳದೆ ಕಾಡಿಗೆ ಕಾಲಿಡುವುದಿಲ್ಲ ಎಂದು ಜಂಬ ಕೊಚ್ಚುತ್ತಿದ್ದರಂತೆ. ಒಂದು ಸಲ ಹುಲಿ ಅವರ ಕೋವಿಯ ಮರವನ್ನು ನೋಡಿಯೇ ಹಿಂದಿರುಗಿತಂತೆ. ಸಾಬರ ಮಾತಿನಲ್ಲಿ ಅರ್ಧ ಕಳೆದು ಕೇಳಬೇಕು ಎಂದು ಮದ್ದೂರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಈ ಜಂಬದ ಕಾಲವನ್ನು ನಾನು ನೋಡಲಿಲ್ಲ, ಬೇರೆಯವರಿಂದ ಕೇಳಿದ್ದು. ನಾನು ಪಕ್ಕಕ್ಕೆ ಬರುವ ಹೊತ್ತಿಗೆ ಅವರ ಬಾಯಿ ಅರ್ಧ ಮುಚ್ಚಿಹೋಗಿತ್ತು.

ಯಾರು ಬಂದರೂ ಅವರು ಮೊದಲು ನೋಡುತ್ತಿದ್ದದ್ದು ಮೊಣಕೈ. ಬಂದವನ ಕೈ ಮಡಿಸಿ, ಮೊಣಕೈಯಿಂದ ತೋರುಬೆರಳ ತನಕ ದಾರ ಹಿಡಿದು, ಆಮೇಲೆ ಕತ್ತು, ಭುಜ, ಕೆನ್ನೆ ಎಂದು ಸಂತೆಯಲ್ಲಿ ಎತ್ತು ಪರೀಕ್ಷೆ ಮಾಡುವಂತೆ ಒಂದು ಸುತ್ತು ಹಾಕುತ್ತಿದ್ದರು.

"ಕತ್ತು ಗಿಡ್ಡ, ಕೆನ್ನೆ ದಪ್ಪ. ನಿಮ್ಗೆ ಕುಂದ ಒಂದ್ ಬೆಳ್ಳು ಕಮ್ಮಿ ಇರ್ಬೇಕು ಗೌಡ್ರೇ."

"ಅಂಗಾದ್ರೆ ಕಾಸೂ ಒಂದ್ ಬೆಳ್ಳು ಕಮ್ಮಿ ತಕ್ಕಳಿ ಸಾಬ್ರೇ."

ಕುಂದ ಎಂದರೆ ಕೋವಿಯ ಮರ. ಕಬ್ಬಿಣದ ನಳಿಗೆಯನ್ನು ಹೊತ್ತುಕೊಂಡು, ಹಿಂದುಗಡೆ ಭುಜಕ್ಕೆ ಒರಗುವ ಭಾಗ. ಗುಂಡು ಹಾರುವುದು ನಳಿಗೆಯಿಂದಲೇ ಆದರೂ ಅದು ಎತ್ತ ಹೋಗಬೇಕೆಂದು ಹೇಳುವುದು ಮರ ಎಂದು ಸಾಬರ ವಾದ. ಮರ ಒಂದು ಮಗ್ಗುಲಿಗೆ ಊದಿ ನಳಿಗೆಯನ್ನು ಒತ್ತಿದರೆ ಗುಂಡು ಇನ್ನೊಂದು ಮಗ್ಗುಲಿಗೆ ಹೋಗುತ್ತದೆ. ಅದಕ್ಕೇ ನಳಿಗೆಗೆ ಹಾಸಿಗೆ ಮಾಡುವ ಕೆಲಸ ಅವರಿಗೆ ಎಲ್ಲಕ್ಕಿಂತ ದೊಡ್ಡದು. ದೀಪದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ನಳಿಗೆಯ ಹೊಟ್ಟೆಗೆ ಬಳಿದು, ಮರದಲ್ಲಿ ಕೊರೆದ ತೋಡಿನಲ್ಲಿ ಕೂರಿಸಿ, ಮೇಲಿನಿಂದ ಮೆಲ್ಲಗೆ ತಟ್ಟಿ ಎತ್ತುತ್ತಿದ್ದರು. ಮರದಲ್ಲಿ ಎಲ್ಲೆಲ್ಲಿ ಮಸಿ ಹತ್ತಿದೆಯೋ ಅಲ್ಲೆಲ್ಲ ಮರ ಉಬ್ಬಿದೆ ಎಂದು ಅರ್ಥ. ಅಷ್ಟನ್ನು ಮಾತ್ರ ಕೆರೆದು ಮತ್ತೆ ಮಸಿ, ಮತ್ತೆ ಕೂರಿಸುವುದು, ಮತ್ತೆ ಕೆರೆಯುವುದು. ಉದ್ದಕ್ಕೂ ಒಂದೇ ಸಮನೆ ಮಸಿ ಹತ್ತುವವರೆಗೆ ಈ ಆಟ ನಿಲ್ಲುತ್ತಿರಲಿಲ್ಲ. ನಮ್ಮ ನಡುವಿನ ಗೋಡೆಯಾಚೆ ಬೆಳಗಿನಿಂದ ಸಂಜೆಯ ತನಕ ಕರಕರ ಎಂಬ ಆ ಸದ್ದು.

ಯುದ್ಧ ಶುರುವಾದ ಮೇಲೆ ಸೀಮೆಯ ಅಕ್ರೋಟಿನ ಮರ ಬರುವುದು ನಿಂತುಹೋಯಿತು. ಬೀಟೆಗೆ ಕೈ ಹಾಕಿದರೆ ಫಾರೆಸ್ಟಿನವರು ಕೈಗೆ ಕೋಳ ಹಾಕುತ್ತಾರೆ. ತೇಗ ಸೀಳುತ್ತದೆ, ಹಲಸು ಭಾರ, ಮಾವು ಮೊದಲ ಮಳೆಗೇ ಊದುತ್ತದೆ. ಆಗ ಸಾಬರು ತಾವೇ ಒಂದು ಮರ ಮಾಡಿದರು. ಚನ್ನಪಟ್ಟಣದ ಆಟಿಕೆಯವರಿಂದ ಅಳಿದುಳಿದ ಅರಗು ತಂದು, ಕರಗಿಸಿ, ಅದಕ್ಕೆ ಇಟ್ಟಿಗೆಪುಡಿ, ಹುಣಸೆಬೀಜದ ಅಂಟು ಸೇರಿಸಿ, ಗೋಣಿಬಟ್ಟೆಯ ತುಂಡುಗಳನ್ನು ಅದರಲ್ಲಿ ಅದ್ದಿ ಒಂದರ ಮೇಲೊಂದು ಪೇರಿಸಿ, ಎರಡು ಹಲಗೆಗಳ ನಡುವೆ ಬಿಗಿದು, ಮೇಲೆ ಒರಳುಕಲ್ಲು ಹೇರುತ್ತಿದ್ದರು. ಗಟ್ಟಿಯಾದ ಮೇಲೆ ಕೊಯ್ದು ಕುಂದ ಮಾಡುವುದು. ಆಟಿಕೆಯ ಅರಗಾದ್ದರಿಂದ ಅಲ್ಲಲ್ಲಿ ಕೆಂಪು, ಹಳದಿ ಗೆರೆ ಕಾಣುತ್ತಿತ್ತು. ಜನ ಅದನ್ನು ಗೋಣಿಮರ ಎಂದು ಕರೆದು ನಕ್ಕರು. ಆದರೆ ಅದು ಮಳೆಗೆ ಊದಲಿಲ್ಲ, ಬಿಸಿಲಿಗೆ ಬಿರಿಯಲಿಲ್ಲ.

"ಅಲ್ಲಾ ಮಾಡಿದ್ ಮರಕ್ಕೆ ಗೆದ್ಲು ಇಡೀತದೆ, ನಾನ್ ಮಾಡಿದ್ದಕ್ಕೆ ಇಡಿಯಾಕಿಲ್ಲ" ಎಂದು ಹೇಳಿಬಿಟ್ಟು, ಆಡಿದ ಮಾತಿಗೆ ಹೆದರಿ, ತಕ್ಷಣ ಎರಡೂ ಕೆನ್ನೆ ಮುಟ್ಟಿಕೊಂಡು ತೋಬಾ ತೋಬಾ ಎನ್ನುತ್ತಿದ್ದರಂತೆ.

ಇನ್ನು ನಮ್ಮ ಕೋವಿಯ ಕಥೆ. ನನ್ನನ್ನು ಕೊಟ್ಟದ್ದು ಹಲಗೂರಿನ ಕಡೆಯ ಒಂದು ಹಳ್ಳಿಗೆ. ಮಾವ ಊರಿನ ಪಟೇಲರಾಗಿದ್ದವರು. ಬ್ಲಫಿನಲ್ಲಿ ಹೊಳೆಯ ನೀರಿನಿಂದ ಕರೆಂಟು ತೆಗೆಯುವ ಕೆಲಸಕ್ಕೆ ಬಂದಿದ್ದ ಯಾವನೋ ದೊರೆ ಊರಿಗೆ ಹೋಗುವಾಗ ತನ್ನ ಹಳೆಯ ರೈಫಲನ್ನು ಅವರಿಗೆ ಕೊಟ್ಟು ಹೋಗಿದ್ದ. ಹೊಲಗದ್ದೆಗೆ ಬೀಳುವ ಕಾಡುಹಂದಿಗಳಿಗೆಂದು ಲೈಸೆನ್ಸೂ ಆಗಿತ್ತು. ಆ ಕೋವಿಗೆ ಒಂದು ಕಾಯಿಲೆ. ಮರ ಸೊಟ್ಟಗಾಗಿ, ನೂರು ಹೆಜ್ಜೆ ದೂರಕ್ಕೆ ಗುಂಡು ಒಂದು ಮೊಳ ಎಡಕ್ಕೆ ಹೋಗುತ್ತಿತ್ತು. ಮಾವನ ಕಾಲದಿಂದಲೂ ಹಾಗೆಯೇ. ಅವರು ಹೋದ ಮೇಲೆ ಕೋವಿ ಹಿಡಿದದ್ದು ಭಾವ, ಅಂದರೆ ನಮ್ಮ ಯಜಮಾನರ ಅಣ್ಣ. ಹಂದಿಯ ಬಲಕ್ಕೆ ಒಂದು ಮೊಳ ಬಿಟ್ಟು ಬಯಲಿಗೆ ಗುರಿ ಹಿಡಿಯುತ್ತಿದ್ದರು, ಗುಂಡು ಹೋಗಿ ಹಂದಿಯ ಭುಜಕ್ಕೇ ಬೀಳುತ್ತಿತ್ತು. ಸುತ್ತಿನ ಹಳ್ಳಿಗಳಲ್ಲಿ ಅವರಿಗೆ ಅದರಿಂದಲೇ ಹೆಸರು. ನಮ್ಮ ಯಜಮಾನರಿಗೆ ಆ ಓರೆಯ ಲೆಕ್ಕ ಕಡೆಯವರೆಗೂ ಕೈಗೆ ಹತ್ತಲಿಲ್ಲ. ಹೊಡೆದದ್ದೆಲ್ಲ ಮಣ್ಣಿಗೆ. ಅಣ್ಣ ಊಟದ ಹೊತ್ತಿಗೆ ಎಲ್ಲರೆದುರು ರೇಗಿಸುತ್ತಿದ್ದರು.

"ಇವನು ಒಡ್ದ ಗುಂಡೆಲ್ಲ ಒಟ್ಟು ಮಾಡಿದ್ರೆ ಒಂದ್ ಹೊಲ ಉತ್ತಂಗೆ ಆಗೋದು ಕಣ್ಲಾ. ನೇಗ್ಲೇ ಬ್ಯಾಡ."

ಯಜಮಾನರೂ ನಗುತ್ತಿದ್ದರು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಪ್ರಾಣ, ಒಬ್ಬರನ್ನೊಬ್ಬರು ರೇಗಿಸದಿದ್ದರೆ ಅನ್ನ ಇಳಿಯುತ್ತಿರಲಿಲ್ಲ. ಆ ಮನೆಯಲ್ಲಿ ನಾನು ಸುಖವಾಗಿದ್ದೆ. ಇದನ್ನು ಹೇಳಿಕೊಳ್ಳಲು ನಾಚಿಕೆ ಏಕೆ?

ಯುದ್ಧದ ಎರಡನೇ ವರ್ಷ ಆ ಕೋವಿಯ ಮರ ಹಿಡಿಯ ಹತ್ತಿರ ಸೀಳಿತು. ನಮ್ಮ ಯಜಮಾನರೇ ಅದನ್ನು ಮದ್ದೂರಿಗೆ ಒಯ್ದು ಸಾಬರಿಗೆ ಕೊಟ್ಟು ಬಂದರು. ಕೆಲವು ವಾರ ಬಿಟ್ಟು ಹೋಗಿ ಹೊಸ ಮರದೊಂದಿಗೆ ತಂದರು. ಕೆಂಪು ಗೆರೆಯ ಗೋಣಿಮರ ನೋಡಿ ಮನೆಯವರೆಲ್ಲ ನಕ್ಕೆವು. ಭಾವ ಅದನ್ನು ಭುಜಕ್ಕೆ ಒರಗಿಸಿ ನೋಡಿ, "ಗೋಣಿಚೀಲ ಎತ್ಕಂಡಂಗದೆ" ಎಂದರು, ಹೊಡೆದು ನೋಡಲಿಲ್ಲ.

ಕಬ್ಬು ಕಡಿಯುವ ಕಾಲ ಬಂತು. ಗದ್ದೆಯ ಸುತ್ತಿನಿಂದ ಕಡಿಯುತ್ತ ಬಂದರೆ, ಒಳಗೆ ಅಡಗಿದ್ದ ಹಂದಿ ನಡುವೆ ಉಳಿದ ಕೊನೆಯ ಸಾಲುಗಳಲ್ಲಿ ಸೇರಿಕೊಳ್ಳುತ್ತದೆ. ಅದೂ ಬಿದ್ದಾಗ ಹೊರಗೆ ನುಗ್ಗುತ್ತದೆ. ಆ ಬೆಳಿಗ್ಗೆ ಕೋವಿ ನಮ್ಮ ಯಜಮಾನರ ಕೈಯಲ್ಲಿತ್ತು. ಭಾವ, "ತತ್ತಾ ಇಲ್ಲಿ, ನೀನು ಒಡ್ದಂಗೆ" ಎಂದು ಕೇಳಿದರಂತೆ. ಇವರು ಕೊಟ್ಟು ಆಚೆ ಹೋದರಂತೆ. ಹಂದಿ ಕೆರೆಯ ಕಡೆಗೆ ಓಡುತ್ತದೆಂದು ಎಲ್ಲರೂ ಎಣಿಸಿದ್ದರು, ಅದು ತಿರುಗಿ ಬದುವಿನ ಕಡೆಗೆ ಓಡಿತು. ಭಾವ ಎಂದಿನಂತೆ ಬಲಕ್ಕೆ ಒಂದು ಮೊಳ ಬಿಟ್ಟು ಹೊಡೆದರು. ಕೋವಿಯಲ್ಲಿ ಓರೆ ಇರಲಿಲ್ಲ. ಗುಂಡು ಗುರಿ ಹಿಡಿದ ಕಡೆಗೇ ಹೋಯಿತು. ಆ ಕಡೆ, ಬದುವಿನ ಹಿಂದೆ, ಕಬ್ಬಿನ ಸೋಗೆಯ ಮರೆಯಲ್ಲಿ ನಮ್ಮ ಯಜಮಾನರು ಕೂತಿದ್ದರು. ಅವರೇಕೆ ಅಲ್ಲಿ ಹೋಗಿ ಅಡಗಿ ಕೂತಿದ್ದರೆಂದು ಯಾರಿಗೂ ತಿಳಿಯಲಿಲ್ಲ.

ಅಣ್ಣ ತಮ್ಮನನ್ನು ಕೊಂದ ಎಂದು ಸಂಜೆಯ ಹೊತ್ತಿಗೆ ಹಲಗೂರಿನ ತನಕ ಸುದ್ದಿ. ಕೆರೆಯ ಹಿಂದಿನ ಗದ್ದೆ ಇನ್ನೂ ಪಾಲಾಗಿರಲಿಲ್ಲ, ನನಗೆ ಮಕ್ಕಳಿರಲಿಲ್ಲ. ಜನಕ್ಕೆ ಇಷ್ಟು ಸಾಕಲ್ಲ. ಭಾವನನ್ನು ಪೊಲೀಸರು ಕರೆದೊಯ್ದರು. ಅವರು, "ನಾನು ಅಂದಿಗೆ ಒಡ್ದೆ, ಗುಂಡು ಯಾಕೆ ಅತ್ಲಾಗೆ ಓಯ್ತೋ ಕಾಣೆ" ಎಂದಷ್ಟೇ ಹೇಳುತ್ತಿದ್ದರು.

ಸಾಬರನ್ನು ನಾನು ಮೊದಲು ಕಂಡದ್ದು ಮಂಡ್ಯದ ಕೋರ್ಟಿನಲ್ಲಿ. ಅವರನ್ನು ಯಾರೂ ಕರೆಸಿರಲಿಲ್ಲ. ತಾವಾಗಿ ಬಂದು, ಹೇಳುವುದಿದೆ ಎಂದು ನಿಂತರು. "ಕೋವಿಯ ಓರೆ ತೆಗ್ದಿದ್ದು ನಾನು ಸ್ವಾಮಿ. ಓರೆ ತೆಗ್ದಿದೀನಿ ಅಂತ ಆ ಮನೆಯೋರ್ಗೆ ಏಳೋದು ಮರ್ತೆ. ತಪ್ಪು ನಂದು" ಎಂದರು. ಕೋವಿಯನ್ನು ಪರೀಕ್ಷೆ ಮಾಡಿಸಿದಾಗ ಗುಂಡು ನೆಟ್ಟಗೇ ಹೋಯಿತು. ಊರಿನ ನಾಲ್ಕು ಜನ ಅದು ಹಿಂದೆ ಎಡಕ್ಕೆ ಹೋಗುತ್ತಿತ್ತೆಂದು ಸಾಕ್ಷಿ ಹೇಳಿದರು. ಭಾವನನ್ನು ಬಿಟ್ಟರು.

ಕೋರ್ಟು ಬಿಟ್ಟರೂ ಊರು ಬಿಡಬೇಕಲ್ಲ. ಎರಡು ಗಾಡಿ ಬೆಲ್ಲ ರಾತ್ರೋರಾತ್ರಿ ಸಾಬರ ಮನೆಗೆ ಹೋಯಿತಂತೆ ಎಂದು ಮಾತು ಹುಟ್ಟಿತು. ಹುಲಿಯನ್ನು ಮರದಿಂದ ಹೆದರಿಸಿದೆನೆಂದು ಹೇಳುವ ಮನುಷ್ಯನಿಗೆ ಇಂಥ ಸುಳ್ಳು ಯಾವ ಲೆಕ್ಕ? ನಾನೂ ಅರ್ಧ ನಂಬಿದೆ. ಪೂರ್ತಿ ನಂಬಿದ್ದರೆ ಆ ಮನೆ ಬಿಟ್ಟು ಶಾಪ ಹಾಕಿ ಹೊರಡುತ್ತಿದ್ದೆ, ನಂಬದೆ ಇದ್ದಿದ್ದರೆ ಅಲ್ಲೇ ಇರುತ್ತಿದ್ದೆ. ಅರ್ಧ ನಂಬಿದವರ ಪಾಡು ನಾಯಿಪಾಡು. ಭಾವ ತಟ್ಟೆಯ ಮುಂದೆ ಕೂತರೆ ನನ್ನ ಕಣ್ಣು ಅವರ ಬಲಗೈಯ ಬೆರಳಿಗೆ ಹೋಗುತ್ತಿತ್ತು. ಇವರು ಬೇಕೆಂದೇ ಕೊಂದರೋ, ಕೈತಪ್ಪಿ ಕೊಂದರೋ? ಇದೊಂದು ತಿಳಿಯದೆ ನನಗೆ ನಿದ್ದೆ ಇರಲಿಲ್ಲ, ಊಟ ಇರಲಿಲ್ಲ.

ಮಳವಳ್ಳಿಯಲ್ಲಿ ಲೋಯರ್ ಸೆಕೆಂಡರಿ ಓದಿದ್ದೆ. ತವರಿನವರು ಹಿಡಿದು ದಬ್ಬಿ ಮೈಸೂರಿಗೆ ಟ್ರೈನಿಂಗಿಗೆ ಕಳಿಸಿದರು. ಮುಗಿದ ಮೇಲೆ ಮದ್ದೂರಿನ ಹೆಣ್ಣುಮಕ್ಕಳ ಶಾಲೆಗೆ ಹಾಕಿದರು. ಶಾಲೆಯವರೇ ಹುಡುಕಿದ ಬಾಡಿಗೆ ಮನೆಗೆ ತಾಯಿಯೊಂದಿಗೆ ಬಂದು ಇಳಿದೆ. ಮಾರನೆಯ ಬೆಳಿಗ್ಗೆ ನೀರಿಗೆ ಹೊರಟಾಗ ಗೋಡೆಯಾಚೆ ಕರಕರ ಸದ್ದು, ಅರಗಿನ ವಾಸನೆ. ಇಣುಕಿದರೆ ಗೋರಂಟಿಯ ಗಡ್ಡ. ಕೊಡ ಅಲ್ಲೇ ಇಟ್ಟು ಒಳಗೆ ಬಂದು ಪೆಟ್ಟಿಗೆ ಕಟ್ಟಲು ಕೂತೆ. "ಬೇರೆ ಮನೆ ಎಲ್ಲಿ ತರ್ತೀಯ, ಸುಮ್ನೆ ಬಿದ್ದಿರು" ಎಂದು ತಾಯಿ ಗದರಿಸಿದರು.

ನನ್ನನ್ನು ಕಂಡ ದಿನದಿಂದ ಸಾಬರು ಒಂದು ಅಭ್ಯಾಸ ಇಟ್ಟುಕೊಂಡರು. ನಾನು ಓಣಿಯಲ್ಲಿ ಕಾಣಿಸಿಕೊಂಡರೆ ಸಾಕು, ಕೆರೆಯುವುದು ನಿಲ್ಲುತ್ತಿತ್ತು. ನಾನು ಬಾಗಿಲು ಹಾಕಿಕೊಂಡ ಮೇಲೆ ಮತ್ತೆ ಶುರು. ತಲೆ ಎತ್ತಿ ನೋಡಿದವರಲ್ಲ, ಮಾತಾಡಿಸಿದವರಲ್ಲ. ನನಗೆ ಮೈ ಉರಿಯುತ್ತಿತ್ತು. ತಪ್ಪು ಮಾಡಿದ ಹುಡುಗಿಯರು ನಾನು ಹತ್ತಿರ ಹೋದಾಗ ಬರೆಯುವುದನ್ನು ನಿಲ್ಲಿಸುತ್ತಾರಲ್ಲ, ಹಾಗೆ. ಹೊಟ್ಟೆಯಲ್ಲಿ ಬೆಲ್ಲ ಇರುವುದಕ್ಕೇ ಈ ಮೌನ ಎಂದುಕೊಂಡೆ. ಆದರೆ ಎರಡು ಗಾಡಿ ಬೆಲ್ಲ ತಿಂದ ಮನೆಯ ಲಕ್ಷಣ ಅಲ್ಲಿ ಕಾಣಲಿಲ್ಲ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ ಮೇಲೆ ಅವರ ಹತ್ತಿರ ಕೋವಿ ತರುವವರೇ ಕಡಿಮೆಯಾಗಿದ್ದರು. ಬಹುಕಾಲ ನೇಗಿಲ ಮೇಣಿ, ಕೊಡಲಿಕಾವು ಮಾಡಿ ದಿನ ದೂಡಿದರು.

ಮತ್ತೆ ನಿಧಾನಕ್ಕೆ ಕೋವಿಗಳು ಬರತೊಡಗಿದಾಗ ನಾನು ಒಂದು ವಿಚಿತ್ರ ನೋಡಿದೆ. ಆತಗೂರಿನ ಕಡೆಯ ಗೌಡರೊಬ್ಬರು ಗೆದ್ದಲು ಹಿಡಿದ ಕೋವಿ ತಂದಿದ್ದರು. ನಾನು ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆ, ಮಾತೆಲ್ಲ ಕೇಳಿಸುತ್ತಿತ್ತು.

"ಎತ್ಲಾಗೆ ಓಯ್ತದೆ ಗುಂಡು?" ಸಾಬರು ಕೇಳಿದರು.

"ಮ್ಯಾಕ್ ಓಯ್ತದೆ. ಒಂದ್ ಗೇಣು. ಅದ್ಕೇ ಅಲ್ವಾ ತಂದಿರೋದು, ನೆಟ್ಟಗೆ ಮಾಡ್ಕೊಡಿ."

"ಮನೇಲಿ ಯಾರ್ ಯಾರು ಇಡೀತಾರೆ?"

"ನಾನು, ನಮ್ಮಪ್ಪ, ನಮ್ ಚಿಕ್ಕಪ್ಪನ ಮಗ."

"ಎಲ್ರಿಗೂ ಗೊತ್ತಾ, ಮ್ಯಾಕ್ ಓಯ್ತದೆ ಅಂತ?"

"ಗೊತ್ತಿಲ್ದೆ ಏನು? ಕಾಲು ನೋಡಿ ಒಡೀತೀವಿ, ಎದೆಗೆ ಬೀಳ್ತದೆ."

"ಅಂಗಾರೆ ಹೊಸ ಕುಂದಾನೂ ಒಂದ್ ಗೇಣು ಮ್ಯಾಕ್ ಓಗಂಗೇ ಕೂರಿಸ್ಕೊಡ್ತೀನಿ."

ಗೌಡರಿಗೆ ತಲೆ ಕೆಟ್ಟಿತು. "ಏನ್ ಸಾಬ್ರೇ, ನೆಟ್ಟಗೆ ಮಾಡಿ ಅಂದ್ರೆ ಸೊಟ್ಟಕ್ಕೆ ಮಾಡ್ಕೊಡ್ತೀನಿ ಅಂತೀರಿ! ತಲೆ ನೆಟ್ಟಗದಾ ನಿಮ್ಗೆ?"

"ಕೋವಿ ನೆಟ್ಟಗೆ ಮಾಡ್ಬೋದು ಗೌಡ್ರೇ. ಮೂರ್ ಜನದ ಕೈ ನೆಟ್ಟಗೆ ಮಾಡೋರ್ಯಾರು? ನೆಟ್ಟಗೇ ಬೇಕು ಅಂದ್ರೆ ಮೂರ್ ಜನಾನೂ ಬನ್ನಿ. ಎದುರಿಗೆ ಒಡ್ದು ತೋರ್ಸಿ, ಮೂರ್ ಜನದ ಕೈಗೂ ಒಟ್ಟಿಗೆ ಕೊಡ್ತೀನಿ. ಒಬ್ಬರ ಕೈಗೆ ಕೊಡಾಕಿಲ್ಲ."

ಗೌಡರು ಗೊಣಗುತ್ತ ಹೋದರು. ಕೋವಿ ಸಿದ್ಧವಾದ ದಿನ ಮನೆಮಂದಿಯನ್ನೆಲ್ಲ ಗಾಡಿಯಲ್ಲಿ ತುಂಬಿಕೊಂಡು ಬಂದರು. ಕಣ್ಣು ಕಾಣದ ಅಜ್ಜಿಯೂ ಇದ್ದರು. "ಇವ್ರಿಗೂ ತೋರ್ಸಿ, ನಾಳೆ ಇವ್ರೂ ಒಡುದ್ರೆ ಏನ್ ಗತಿ" ಎಂದು ಅಣಕಿಸಿದರು. ಓಣಿಯೆಲ್ಲ ನಕ್ಕಿತು. ಸಾಬರು ನಗಲಿಲ್ಲ. ಆ ಅಜ್ಜಿಯನ್ನೂ ಕೈಹಿಡಿದು ಹೊಳೆಯ ದಂಡೆಗೆ ಕರೆದುಕೊಂಡು ಹೋದರು. ಯಾವ ಮನೆಯಿಂದಲಾದರೂ ಕೋವಿ ಹಿಡಿಯುವವರೆಲ್ಲ ಬಾರದಿದ್ದರೆ, ಹೇಳಿದ ಮಾತಿನಂತೆ ಹಳೆಯ ಮರದ ಓರೆ ಎಷ್ಟಿತ್ತೋ ಅಷ್ಟನ್ನೇ ಹೊಸ ಮರದಲ್ಲೂ ಉಳಿಸಿ ಕಳಿಸುತ್ತಿದ್ದರು. ಮರವನ್ನು ನೆಟ್ಟಗೆ ಕೂರಿಸಬಲ್ಲವರು, ಬೇಕೆಂದೇ ಒಂದು ಮಗ್ಗುಲಲ್ಲಿ ಮಸಿ ಹೆಚ್ಚು ಹತ್ತುವಂತೆ ಬಿಡುತ್ತಿದ್ದರು. ಮೊದಮೊದಲು ನನಗೆ ಇದು ನಾಟಕವೆನಿಸಿತು.

ಶಿಂಷಾ ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಅವರು ಕೋವಿ ಪರೀಕ್ಷೆ ಮಾಡುವುದನ್ನು ನೋಡಿದ್ದೇನೆ. ದೂರದ ಮಣ್ಣಿನ ದಿಬ್ಬಕ್ಕೆ ಒಂದು ಒಡಕು ಮಡಕೆ ಇಟ್ಟು ಹಿಂದಕ್ಕೆ ಬರುತ್ತಿದ್ದರು. ಬಂದ ಕೂಡಲೇ ಹೊಡೆಯುತ್ತಿರಲಿಲ್ಲ. "ಯಾರಾದ್ರೂ ಇದೀರೇನ್ರಪ್ಪೋ..." ಎಂದು ದಿಬ್ಬದ ಕಡೆಗೆ ಕೂಗುತ್ತಿದ್ದರು. ಅಲ್ಲಿ ಕಾಗೆಯೂ ಇರುತ್ತಿರಲಿಲ್ಲ. ಉತ್ತರಕ್ಕೆ ಕಾಯುವವರಂತೆ ಬಹಳ ಹೊತ್ತು ಕಿವಿಗೊಟ್ಟು ನಿಂತು, ಮತ್ತೊಮ್ಮೆ ಕೂಗಿ, ಆಮೇಲೆ ಹೊಡೆಯುತ್ತಿದ್ದರು. ಮಡಕೆ ಒಡೆಯಿತೋ ಇಲ್ಲವೋ ನೋಡುವುದಕ್ಕೆ ಮೊದಲು ಓಡಿಹೋಗಿ ದಿಬ್ಬದ ಹಿಂದೆ ಬಗ್ಗಿ ನೋಡುತ್ತಿದ್ದರು. ಮಡಕೆಯ ಸುದ್ದಿ ಆಮೇಲೆ. ನಾನು ಒಗೆಯುವ ಕಲ್ಲಿನ ಮುಂದೆ ಕೂತು ಅದನ್ನು ನೋಡಿದ ದಿನ ಬಟ್ಟೆ ಹಿಂಡದೆಯೇ ಬುಟ್ಟಿಗೆ ತುಂಬಿಕೊಂಡು ಮನೆಗೆ ಬಂದೆ. ಆ ದಿಬ್ಬದ ಹಿಂದೆ ಅವರಿಗೆ ಯಾರು ಕಾಣುತ್ತಿದ್ದರು ಎಂದು ನನಗೆ ಗೊತ್ತಿತ್ತು.

ಭಾವ ಸುಗ್ಗಿ ಮುಗಿದ ಮೇಲೆ ಗಾಡಿಯಲ್ಲಿ ಅಕ್ಕಿ, ಬೆಲ್ಲ ತರುತ್ತಿದ್ದರು. ನನ್ನ ಪಾಲು. ನಾನು ಬಾಗಿಲಲ್ಲಿ ನಿಂತು, "ಅಲ್ಲೇ ಇಳಿಸಿ" ಎನ್ನುತ್ತಿದ್ದೆ. ಒಳಗೆ ಬನ್ನಿ ಎನ್ನುತ್ತಿರಲಿಲ್ಲ. ಬಿಸಿಲಲ್ಲಿ ಬಂದ ಮನುಷ್ಯ, ಮೂಟೆ ಜಗುಲಿಗೆ ಹೊರಿಸಿ, ಬೀದಿಯಲ್ಲೇ ನಿಂತು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, "ಚೆಂದಾಗಿದ್ದೀಯೇನಮ್ಮ?" ಎಂದು ಕೇಳಿ ಹೋಗಿಬಿಡುತ್ತಿದ್ದರು. ನೀರು ಕೂಡ ಕೇಳಿದವರಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮಳೆಗಾಲದಲ್ಲಿ ಸಾಬರು ಹಾಸಿಗೆ ಹಿಡಿದರು. ಎದೆಯಲ್ಲಿ ಕೆಮ್ಮು. ಶಾಲೆಯಲ್ಲಿ ಮಕ್ಕಳಿಗೆ ಸಿಹಿ ಹಂಚಿ ಬಂದ ವಾರದಲ್ಲೇ ಒಂದು ಮಧ್ಯಾಹ್ನ ಅವರ ಹೆಂಡತಿ ಬಂದು, "ಮೇಷ್ಟ್ರಮ್ಮ, ಕರೀತಾವ್ರೆ" ಎಂದರು. ಅಷ್ಟು ವರ್ಷದಲ್ಲಿ ಮೊದಲ ಸಲ. ಅಂಗಡಿಯಲ್ಲೇ ಹಗ್ಗದ ಮಂಚ ಹಾಕಿ ಮಲಗಿಸಿದ್ದರು. ಗೋರಂಟಿ ಬಿಟ್ಟು ಗಡ್ಡ ಬೆಳ್ಳಗಾಗಿತ್ತು. ಹೆಂಡತಿಯನ್ನು ಒಳಗೆ ಕಳಿಸಿ, ಸೂರು ನೋಡುತ್ತ ಹೇಳಿದರು.

"ಕೋರ್ಟ್ನಾಗೆ ನಾನ್ ಏಳಿದ್ದು ಸುಳ್ಳು ಕಣಮ್ಮ."

ಹಾಗಾದರೆ ಭಾವ ಕೊಂದದ್ದೇ ನಿಜ. ಬೆಲ್ಲದ ಗಾಡಿ ನಿಜ. ಇವರ ಗಂಟಲು ಹಿಸುಕಬೇಕು ಎನ್ನಿಸಿತು, ಸುಳ್ಳು ಹೇಳಲಾರೆ. "ಏನು ಸುಳ್ಳು? ಬಿಡಿಸಿ ಹೇಳಿ" ಎಂದೆ, ಕ್ಲಾಸಿನಲ್ಲಿ ಕೇಳುವ ದನಿಯಲ್ಲೇ.

"ಓರೆ ತೆಗ್ದಿದ್ದು ನಿಜ. ಏಳೋದು ಮರ್ತೆ ಅಂದಿದ್ದು ಸುಳ್ಳು. ಏಳಿದ್ದೆ. ನಿಮ್ ಯಜಮಾನ್ರಿಗೆ ಏಳಿದ್ದೆ. ಓಳೆ ದಂಡೇಲಿ ಅವ್ರ ಕೈಲೇ ಒಡ್ಸಿದೆ. ಮೊದಲ್ನೇ ಗುಂಡ್ಗೇ ಮಡಕೆ ಚೂರಾಯ್ತು. ಉಟ್ಟಿದ್ ಪಂಚೆ ಎತ್ಕಂಡು ಕುಣಿದ್ರು ಕಣಮ್ಮ. ಆಮ್ಯಾಕೆ ನನ್ ಭುಜ ಇಡ್ಕಂಡು, 'ಸಾಬ್ರೇ, ನಮ್ಮಣ್ಣಂಗೆ ಮಾತ್ರ ಗೊತ್ತಾಗ್ಬಾರ್ದು. ಹುಟ್ಟಿದಾಗ್ಲಿಂದ ನನ್ನ ನಗಾಡ್ತಾವ್ನೆ. ಒಂದ್ ದಿವ್ಸ ಅವನ ಕೈಗೇ ಕೊಡ್ತೀನಿ. ಒಂದ್ ಮೊಳ ಬುಟ್ಟು ಒಡೀತಾನೆ, ಅಂದಿ ಬಾಲ ಅಲ್ಲಾಡಿಸ್ಕಂಡು ಓಯ್ತದೆ. ಆಗ ಅವನ ಮುಖ ನೋಡ್ಬೇಕು, ಎದುರ್ಗೇ ಕೂತ್ಕಂಡು ನೋಡ್ಬೇಕು' ಅಂದ್ರು."

ಬದುವಿನ ಹಿಂದೆ ಏಕೆ ಕೂತಿದ್ದರು ಎಂಬುದು ನನಗೆ ಆಗ ತಿಳಿಯಿತು. ಅಣ್ಣನ ಪೆಚ್ಚು ಮುಖ ನೋಡಲು.

"ಬ್ಯಾಡ ಅನ್ಬೇಕಾಗಿತ್ತು ನಾನು. ಕೋವಿ ಜೊತೇಲಿ ತಮಾಸೆ ಬ್ಯಾಡ ಅಂತ ದಿನಾ ಏಳೋನು. ಅವತ್ತು ಅನ್ಲಿಲ್ಲ. ನಾನೂ ನಕ್ಕೆ. 'ಅಣ್ಣನ ಮುಖ ಎಂಗಾಯ್ತು ಅಂತ ಬಂದು ಏಳಿ' ಅಂದೆ."

ಅವರು ಕೆಮ್ಮಿ ಸುಧಾರಿಸಿಕೊಳ್ಳುವ ತನಕ ಕಾದು, "ಕೋರ್ಟಿನಲ್ಲಿ ಇದನ್ನೇ ಹೇಳಬಹುದಾಗಿತ್ತಲ್ಲ?" ಎಂದೆ.

"ಎಂಗೆ ಏಳ್ಲಿ? ನಿಮ್ ಭಾವ ಅಲ್ಲೇ ನಿಂತಿದ್ರು. ತಮ್ಮ ನನ್ನ ನಗಾಡಾಕೆ ಓಗಿ ನನ್ ಕೈಲೇ ಸತ್ತ ಅಂತ ಕೇಳಿದ್ರೆ ಆ ಮನುಷ್ಯ ಕಟಕಟೆ ಇಳಿದು ಸೀದಾ ಬಾವಿಗೇ ಓಗೋರು. ನಿಮ್ ಯಜಮಾನ್ರನ್ನ ಊರೋರು ಸುಮ್ನೆ ಬುಡ್ತಿದ್ರಾ? ತಾನು ತೋಡಿದ್ ಗುಂಡೀಗೆ ತಾನೇ ಬಿದ್ದ ಅನ್ನೋರು. ಸತ್ತೋರು ನಕ್ಕಿದ್ದನ್ನ ಕೋರ್ಟ್ನಾಗೆ ಬರೆಸಾಕೆ ನನ್ಗೆ ಮನಸ್ಸು ಬರ್ಲಿಲ್ಲ. ನಾನೂ ನಕ್ಕಿದ್ನಲ್ಲ, ತಪ್ಪು ನಂದು ಅಂದ್ರೆ ಅಷ್ಟೇನು ಸುಳ್ಳಾಗಾಕಿಲ್ಲ ಅಂದ್ಕಂಡೆ."

"ಈಗ ಯಾಕೆ ಹೇಳುತ್ತಿದ್ದೀರಿ?"

"ನೀವು ಅವ್ರನ್ನ ಬೀದೀಲಿ ನಿಲ್ಲಿಸ್ತೀರಿ ಕಣಮ್ಮ. ನಾನು ಇಲ್ಲಿ ಕೂತ್ಕಂಡು ವರ್ಷವರ್ಷ ನೋಡ್ತೀನಿ. ಕೋರ್ಟಿಂದ ಅವ್ರನ್ನ ಬುಡಿಸ್ಕಂಡ್ ಬಂದೆ, ನಿಮ್ಮಿಂದ ಬುಡಿಸಾಕೆ ಆಗ್ಲಿಲ್ಲ."

ನಾನು ಸುಲಭಕ್ಕೆ ನಂಬುವ ಹೆಂಗಸಲ್ಲ. ಇದೂ ಅವರ ಹುಲಿಯ ಕಥೆಯೇ ಇರಬಹುದು, ಸಾಯುವ ಮುಂಚೆ ಪುಣ್ಯ ಕಟ್ಟಿಕೊಳ್ಳಲು ಹೊಸೆದದ್ದು. "ನಕ್ಕರು ಎಂದಿರಲ್ಲ, ಹೇಗೆ ನಕ್ಕರು?" ಎಂದು ಕೇಳಿದೆ. ನನ್ನ ದನಿ ಗಟ್ಟಿಯಾಗಿತ್ತು.

ಸಾಬರು ಆಗ ನನ್ನ ಮುಖ ನೋಡಿದರು. ಮಂಚದ ಮೇಲೆ ಕಷ್ಟಪಟ್ಟು ಎದ್ದು ಕೂತರು. ಎಡಗೈಯ ಹಿಂಬದಿಯನ್ನು ಬಾಯಿಗೆ ಒತ್ತಿ, ತಲೆ ಒಂದು ಕಡೆಗೆ ವಾಲಿಸಿ, ಮೊದಲು ಭುಜ ಮಾತ್ರ ಕುಲುಕಿಸಿದರು, ಸದ್ದಿಲ್ಲದೆ. ಆಮೇಲೆ ಮೂಗಿನಿಂದ ಒಂದು ಸಣ್ಣ ಸೀಟಿ. ಕೊನೆಗೆ ಕೈ ತೆಗೆದು, "ಅಯ್ಯಯ್ಯಯ್ಯೋ" ಎಂದು ತೊಡೆ ತಟ್ಟಿಕೊಂಡರು.

ಅದು ನಮ್ಮ ಯಜಮಾನರ ನಗುವೇ. ಹಾಗೆ ನಗುವವರು ಈ ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಹೋದ ಮೇಲೆ ಮುಖ ನೆನಪಾಗುತ್ತಿತ್ತು, ನಡಿಗೆ ನೆನಪಾಗುತ್ತಿತ್ತು, ನಗು ಮಾತ್ರ ನನಗೆ ಮರೆತೇಹೋಗಿತ್ತು. ಆ ಸಾಯುವ ಮುದುಕರ ಮೈಯಲ್ಲಿ ಅದು ಅಷ್ಟು ವರ್ಷ ಹಾಗೇ ಕೂತಿತ್ತು. ನಾನು ಗೋಡೆಗೆ ಒರಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಸಾಬರು ಮತ್ತೆ ಮಲಗಿ ಸೂರು ನೋಡತೊಡಗಿದರು. ಅವರೂ ಅಳುತ್ತಿದ್ದರು.

ಮುಂದಿನ ಶುಕ್ರವಾರದ ಜುಮ್ಮಾ ಬರುವ ಮೊದಲೇ ಅವರು ಹೋದರು. ಓಣಿಯವರೆಲ್ಲ ಹೊತ್ತುಕೊಂಡು ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಆ ವರ್ಷ ಸುಗ್ಗಿ ಮುಗಿಸಿಕೊಂಡು ಬಂದ ಭಾವನನ್ನು, "ಒಳಗೆ ಬನ್ನಿ, ಊಟ ಮಾಡಿಕೊಂಡು ಹೋಗುವಿರಂತೆ" ಎಂದೆ. ಅವರು ಹೊಸಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಕಾಲಿಡಲು ಹೆದರಿ ಸ್ವಲ್ಪ ಹೊತ್ತು ಅಲ್ಲೇ ನಿಂತರು. ಸಾಬರು ಹೇಳಿದ್ದನ್ನು ಅವರಿಗೆ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂದು ಸಾಬರು ಮೊದಲೇ ಲೆಕ್ಕ ಹಾಕಿದ್ದರು, ಆ ಲೆಕ್ಕ ತಿದ್ದುವಂತಿರಲಿಲ್ಲ.

ಭಾವ ಆಮೇಲೆ ಬಹಳ ವರ್ಷ ಬದುಕಿದರು. ಕೋವಿ ಮುಟ್ಟಲಿಲ್ಲ. ತಮ್ಮನ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು, ನಾವು ಯಾರೂ ಆ ಮಾತು ತೆಗೆಯುತ್ತಿರಲಿಲ್ಲ. ಹೋದ ತಿಂಗಳು ಅವರಿಗೆ ಮೈ ತೀರ ಕೆಟ್ಟಿದೆಯೆಂದು ಹೇಳಿಕಳಿಸಿದರು. ಹೋದೆ. ಮಕ್ಕಳೆಲ್ಲ ಕಾಫಿಗೆಂದು ಆಚೆ ಹೋದಾಗ ನನ್ನ ಕೈ ಹಿಡಿದುಕೊಂಡರು.

"ಕೋವಿ ಕೊಡುವಾಗ ಅವನು ನಗ್ತಿದ್ದ ಕಣಮ್ಮ. ತತ್ತಾ ಅಂದೆ, ನಗ್ತಾ ಕೊಟ್ಟ. ಕೈ ಅಡ್ಡ ಇಟ್ಕಂಡು ನಗ್ತಾನೇ ಓದ. ಇಷ್ಟು ವರ್ಸ ಆಯ್ತು, ದಿನಾ ಯೋಚ್ನೆ ಮಾಡ್ತೀನಿ. ಯಾಕ್ ನಗ್ತಿದ್ನೋ ಇವತ್ಗೂ ತಿಳೀಲಿಲ್ಲ."

ನಾನು ಅವರ ಹಣೆಯ ಬೆವರು ಒರೆಸಿದೆ.

"ನಿಮ್ಮನ್ನು ಕಂಡರೇ ಅವರಿಗೆ ನಗು ಬರುತ್ತಿತ್ತು ಭಾವ" ಎಂದೆ. "ಬೇರೆ ಏನಿಲ್ಲ."